ಜ್ವರ ಹೊಗಳುವ ಇಂದ್ರಕ್ಕ

ಮುಂಬಯಿಯ ಮುಲುಂಡಿನ ನಮ್ಮ ಮಕ್ಕಳ ದವಾಖಾನೆಯಲ್ಲಿ ಗಾಯಗಳಿಗೆ ಡ್ರೆಸ್ಸಿಂಗ್ ಮಾಡುವ ಇಂದ್ರಕ್ಕ ವಿಜಯಪುರದ ಕಡೆಯವರು. ಜ್ವರ ಬಂದ ಮಗುವನ್ನು ಕಂಡರೆ ಪರೀಕ್ಷೆಯಲ್ಲಿ ಪಾಸಾದವರನ್ನು ಕಂಡಂತೆ ಹಿಗ್ಗುತ್ತಾರೆ. "ಮೈಯೊಳಗ ಕಾವಲಿನ ಮಂದಿ ಎಚ್ಚರ ಅದಾರವ್ವಾ!" ಎಂದು ಅಳುವ ತಾಯಂದಿರಿಗೇ ಶಾಭಾಸ್ ಹೇಳುತ್ತಾರೆ. ನನ್ನ ಎರಡು ತಿಂಗಳ ಮಗಳ ತೊಡೆಯ ಕುರು ಒಡೆದಾಗ ನಾನು ಮೂಗು ಮುಚ್ಚಿದ್ದಕ್ಕೆ ಗದರಿದರು: "ಕೀವಂದ್ರ ಬರೇ ಹೊಲಸಲ್ಲ ತಂಗಿ, ನಿನ್ನ ಕೂಸಿಗಾಗಿ ಕಾದಾಡಿ ಸತ್ತ ಬಿಳಿರಕ್ತಕಣ ಅವು. ಕ್ರಿಮಿ ಒಳಹೊಕ್ಕಿದ್ದು ತಿಳೀತಂದ್ರ ಕೆಲವು ಜೀವಕೋಶ ತಾವಾಗೇ ಒಡಕೊಂಡು ಸಾಯ್ತಾವ, ಮಗ್ಗಲಿನವಕ್ಕ ಸುದ್ದಿ ಮುಟ್ಟಿಸ್ತಾವ." ಇಷ್ಟು ಪುಟ್ಟ ಮೈಯೊಳಗೆ ಅಷ್ಟೊಂದು ಸಾವೇ ಎಂದು ನಾನು ದಂಗಾದೆ. ಡಾಕ್ಟರು "ಬಸ್ ಕರೋ, ಇಂದ್ರಾಬಾಯಿ" ಎಂದರೂ ಅವರ ಮಾತು ನಿಲ್ಲುವುದಿಲ್ಲ. ಇಂದು ನಿಂತಿತು. "ನಿನ್ನೆಯ ಜ್ವರ ಇಳೀತು ಅಕ್ಕಾ, ಮೈ ತಣ್ಣಗಿದೆ, ಹಾಲಿಗೂ ಏಳದೆ ಮಲಗಿದ್ದಾಳೆ" ಎಂದು ನಾನು ನಗುತ್ತಾ ಹೇಳಿದೆ. ಅವರು ಮಗುವಿನ ಪಾದ ಮುಟ್ಟಿ ನೋಡಿದವರೇ ಅದನ್ನು ನನ್ನಿಂದ ಕಿತ್ತುಕೊಂಡು ಡಾಕ್ಟರ ಕೋಣೆಗೆ ಓಡಿದರು. ನಂಜು ರಕ್ತಕ್ಕೇರಿ, ಜ್ವರ ಬರಿಸುವ ಬಲವೂ ಇಲ್ಲದೆ ಮೈ ಸೋಲುತ್ತಿತ್ತಂತೆ. "ಸಮಯಕ್ಕೆ ಸಿಕ್ಕಳು, ಉಳಿಯುತ್ತಾಳೆ" ಎಂದು ಡಾಕ್ಟರು ಹೇಳಿದ ಮೇಲೆ ಇಂದ್ರಕ್ಕ ನನ್ನ ಪಕ್ಕ ಕುಳಿತು ಮೆಲ್ಲಗೆ ಅಂದರು: "ನನ್ನ ಮಗಳ ಮೈ ತಣ್ಣಗಾದಾಗ ನಾನೂ ಹಿಂಗ ನಕ್ಕಿದ್ನವ್ವಾ."