ಒಳಚಿಲಕದ ಅಕ್ಕ

೧೯೯೮ರಲ್ಲಿ ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟು ವೆಲ್ಡಿಂಗ್ ಕೆಲಸ ಹಿಡಿದೆ. ನಾನು ಹಚ್ಚಿದ ಒಂದು ಚಿಲಕವೂ ಇವತ್ತಿನವರೆಗೆ ಸಡಿಲಾಗಿಲ್ಲ. ಆದರೆ ಅದನ್ನು ಬಾಗಿಲಿನ ಯಾವ ಕಡೆ ಹಚ್ಚಬೇಕೆಂದು ಕಲಿಸಿದವಳು ಒಬ್ಬ ಅಕ್ಕ.

ತಲೆಯೊಳಗೆ ಯಾರೋ ಮಾತಾಡುತ್ತಾರೆ ಎನ್ನುತ್ತಿದ್ದ ಆಕೆಯನ್ನು ಅವಳ ಅಣ್ಣ ಕಾಗವಾಡದ ಕಡೆಯ ಒಂದು ಗುಡಿಯಲ್ಲಿ, ವಾಸಿಯಾಗಲೆಂದು, ಸೇವೆಗೆ ಬಿಟ್ಟಿದ್ದ. ಮಿರಜದ ಡಾಕ್ಟರು ಕೊಟ್ಟ ಗುಳಿಗೆ ನುಂಗಿ, ಮೇಲೆ ಗುಡಿಯ ಅಂಗಾರವನ್ನೂ ಭಕ್ತಿಯಿಂದ ಹಣೆಗೆ ಹಚ್ಚಿಕೊಳ್ಳುತ್ತಿದ್ದಳು. ಯಾರು ಏನು ಹೇಳಿದರೂ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ, "ನನ್ನ ಕೇಳೀರೇನ?" ಎನ್ನುತ್ತಿದ್ದಳು.

ಆಕೆ ಹೊರಗೆ ತಿರುಗಬಾರದೆಂದು ಪೂಜಾರಿ ಅವಳ ಕೋಣೆಯ ಬಾಗಿಲಿಗೆ ಹೊರಗಿನಿಂದ ದಪ್ಪ ಚಿಲಕ ಹಚ್ಚಲು ನನ್ನನ್ನು ಕರೆಸಿದ.

"ತಮ್ಮಾ, ಒಳಗ ಇರಾಕಿ ನಾನು. ಚಿಲಕಾ ಒಳಗ ಹಚ್ಚು," ಎಂದಳು ಅಕ್ಕ.

"ಸುಮ್ಮ ಕುಂಡರಬೇ! ದೇವ್ರ ಬಾಗಲಾನೂ ಹೊರಗಿಂದನ ಹಾಕ್ತೇವಿ," ಎಂದ ಪೂಜಾರಿ.

"ಆ ದೇವ್ರನ್ನರ ಕೇಳೀರೇನ?"

ನನಗೆ ನಗು ತಡೆಯಲಾಗಲಿಲ್ಲ. ಪೂಜಾರಿ ಮಂಗಳಾರತಿಗೆ ಹೋದಾಗ ಒಂದು ಸಣ್ಣ ಚಿಲಕವನ್ನು ಒಳಗಡೆ ಹಚ್ಚಿಬಿಟ್ಟೆ. ಬಂದವನಿಗೆ, "ಹೊರಗಿನ ಚೌಕಟ್ಟಿಗೆ ಒರಲಿ ಹತ್ತೇತ್ರಿ, ಸ್ಕ್ರೂ ಹಿಡಿಯಂಗಿಲ್ಲ," ಎಂದೆ. ಚೌಕಟ್ಟು ಕಲ್ಲಿನಂತಿತ್ತು.

ಅಷ್ಟರಲ್ಲಿ ಒಳಗೆ ಚಿಲಕ ಬಿದ್ದ ಸದ್ದಾಯಿತು. ಪೂಜಾರಿ ಬಾಗಿಲು ಬಡಿದ.

"ಹೊರಗ ಬಾರಬೇ, ಸೇವಾದ ಹೊತ್ತಾತು!"

"ನಿಲ್ರಿ, ನನ್ನ ಕೇಳಿ ಹೇಳ್ತೀನಿ!"

ಪೂಜಾರಿ ನಿಂತ. ಬಹಳ ಹೊತ್ತು ನಿಂತ.

ಈಗ ನನ್ನ ಹತ್ತಿರ ಒಂದು ಅಂಗಡಿ, ಎರಡು ವೆಲ್ಡಿಂಗ್ ಮಷಿನ್, ಮೂವರು ಆಳುಗಳು, ಎಲ್ಲಿಯೂ ಹಚ್ಚದೆ ಉಳಿದ ಒಂದು ದಪ್ಪ ಚಿಲಕ.