ಹೊಸ ಸರ್ವರಿನ ಬಾಗಿಲಲ್ಲಿ ನನ್ನ ಹೆಸರು

ಸ್ನೇಹಿತರೇ, ಇವತ್ತು ನಂಜನಗೂಡಿನ ನಮ್ಮ ಕಾಲೇಜಿನ ಲ್ಯಾಬಿಗೆ ಹೊಸ ಸರ್ವರ್ ಬಂತು. ಅದಕ್ಕೆ ಕುಂಕುಮ ಇಡಲು ಪ್ರಿನ್ಸಿಪಾಲರು ಕರೆದದ್ದು ನನ್ನನ್ನಲ್ಲ, ಹೋದ ತಿಂಗಳು ಟಿ. ನರಸೀಪುರದಿಂದ ವರ್ಗವಾಗಿ ಬಂದ ರೂಪಾಳನ್ನು.

ಒಂದು ಕಂಪ್ಯೂಟರನ್ನು ಬೇಕಾದ ಹಾಗೆ ಸಿದ್ಧಮಾಡಿ, ಅದರ ಅಚ್ಚು ತೆಗೆದು ಸರ್ವರಿನಲ್ಲಿಟ್ಟರೆ ಉಳಿದವಕ್ಕೆಲ್ಲ ಅದೇ ಇಳಿಯುತ್ತದೆ. ಅದನ್ನು ಇಮೇಜ್ ಅನ್ನುತ್ತೇವೆ. ವರ್ಷಗಟ್ಟಲೆ ಆ ಇಮೇಜುಗಳನ್ನು ತಿದ್ದಿ ತೀಡಿದವಳು ನಾನು. ರೂಪಾ ಹಳೆಯ ಸರ್ವರಿನಿಂದ ಹೊಸದಕ್ಕೆ ಸಾಗಿಸಿದಳು, ಅಷ್ಟೆ. ಚಪ್ಪಾಳೆ ಮಾತ್ರ ಅವಳಿಗೆ.

ಮೊದಲ ಕಂಪ್ಯೂಟರ್ ತೆರೆದುಕೊಂಡಿತು. ಪರದೆಯ ಮೇಲೆ 'ಸುಸ್ವಾಗತ, ಗಿರಿಜಾ' ಅಂತ ಬಂತು. ಈ ಸಲದ ಅಚ್ಚು ತೆಗೆಯುವಾಗ ನನ್ನ ಹೆಸರು ಅಳಿಸಲು ನಾನೇ ಮರೆತಿದ್ದೆ.

"ಈಗಲೇ ತೆಗೆದುಬಿಡ್ತೀನಿ ಮೇಡಂ" ಅಂದಳು ರೂಪಾ.

"ಬೇಡಮ್ಮಾ, ತೆಗೆದರೆ ಇಮೇಜೇ ಕೆಟ್ಟುಹೋಗುತ್ತೆ" ಅಂದೆ.

ಅಟೆಂಡರ್ ಮಾದಯ್ಯ ಪ್ರಿನ್ಸಿಪಾಲರ ಕಡೆ ತಿರುಗಿ, "ಇರ್ಲಿ ಬುಡಿ ಸಾ, ಮನೆ ಕಟ್ದೋರ ಎಸ್ರು ಬಾಗ್ಲ ಮ್ಯಾಲೆ ಇರಲ್ವಾ?" ಅಂದರು. ಪ್ರಿನ್ಸಿಪಾಲರು ಅನುಮಾನದಿಂದ ರೂಪಾಳ ಮುಖ ನೋಡಿದರು.

ನಿಜ ಹೇಳಬೇಕೆಂದರೆ, ಹೆಸರು ತೆಗೆದರೆ ಏನೂ ಕೆಡುವುದಿಲ್ಲ. ಅದು ರೂಪಾಗೂ ಗೊತ್ತು. ಆದರೂ ಅವಳು ನನ್ನತ್ತ ನೋಡಿ ನಕ್ಕು, "ಹೌದು ಸರ್, ಕೆಟ್ಟುಹೋಗುತ್ತೆ" ಅಂದಳು.

ಇಷ್ಟು ದಿನ ಅವಳ ಕೆಲಸದ ಮೇಲೆ ಮಾತ್ರ ಹೊಟ್ಟೆಕಿಚ್ಚಿತ್ತು. ಇವತ್ತಿನಿಂದ ಅವಳ ಒಳ್ಳೆಯತನದ ಮೇಲೂ.