ಇರಣ್ಣನ ಇಟಲಿ ಪುರಾಣ

ಅಮೆರಿಕದ ಟೆಕ್ಸಾಸಿನ ಪ್ರಾಸ್ಪರ್ ಎಂಬ ಊರಿನ ಇರಣ್ಣನದು ಕೂತಲ್ಲಿ ಕೂರುವ ಜಾಯಮಾನವಲ್ಲ. ಲಾಸ್ ಕೊಲಿನಾಸಿನ ಆಫೀಸಿನಲ್ಲಿ ಇಟಲಿಯ ಪುರಸಭೆಗಳಿಗೆ ಸಾಫ್ಟ್‌ವೇರ್ ಮಾಡಿಕೊಡುವ ಪ್ರಾಜೆಕ್ಟ್ ಸಿಕ್ಕ ಮೇಲಂತೂ ನಾಮಕರಣದ ಮನೆಗೆ ಹೋದರೂ ಅದೇ ಪುರಾಣ. “ಅಲ್ಲಿ ಮೇಯರನ್ನ ಮಂದೀನೇ ನೇರ ಆರಿಸ್ತಾರ್ರಿ. ಆತ ರಾಜೀನಾಮೆ ಕೊಟ್ಟನಂದ್ರ ಇಡೀ ಕೌನ್ಸಿಲ್ಲೇ ಮನಿಗೆ!” ಎನ್ನುತ್ತ ಊಟದ ನಡುವೆಯೇ ಎದ್ದು ಓಡಾಡುವನು. “ಮೊದಲ ಹೋಳಿಗಿ ತಿನ್ರಿ, ಇಟಲಿ ಎಲ್ಲೂ ಓಡಿ ಹೋಗೂದಿಲ್ಲ” ಎಂದು ಹೆಂಡತಿ ವಾಣಿಶ್ರೀ ಗದರುವಳು. ಪ್ರಾಸ್ಪರಿನ ಕೌನ್ಸಿಲಿಗೇ ಚುನಾವಣೆ ಬಂದರೆ ಅವನ ಕಾಲು ನೆಲದ ಮೇಲೆ ನಿಲ್ಲುವುದಿಲ್ಲ. ಬೀದಿಯ ಅಂಕಲ್, ಆಂಟಿಯರನ್ನೆಲ್ಲ ಹೊರಡಿಸಿ, ಕಾರಿನಲ್ಲಿ ತುಂಬಿಕೊಂಡು ಮತಗಟ್ಟೆಗೆ ಮುಟ್ಟಿಸುವನು. ತಾನು ಮಾತ್ರ ಹೊರಗೇ ಶತಪಥ ಹಾಕುವನು. ವೀಸಾದ ಮೇಲಿರುವವನಿಗೆ ಎಲ್ಲಿಯ ವೋಟು? ಒಳಗಿನಿಂದ ಬಂದ ಒಬ್ಬೊಬ್ಬರನ್ನೂ ತಡೆದು ಸಣ್ಣ ದನಿಯಲ್ಲಿ ಕೇಳುವನು: “ಒಳಗ ಹೆಂಗಿರ್ತದ್ರಿ?”